ಗದುಗಿನ ಯಾತ್ರೆಗೊಂದು ಪಟ್ಟಿ

ಯಾತ್ರೆಯ ಸಂಕಲ್ಪ ಮನಸ್ಸಿನಲ್ಲಿ ಮೂಡಿದ ಗಳಿಗೆಯಲ್ಲಿಯೇ ಯಾತ್ರೆ ಆರಂಭವಾಯಿತೆಂದು ತಿಳಿಯಬೇಕು ಎಂದು ನಾನು ಓದಿದ ಮಠದ ಹಿರಿಯ ಗುರುಗಳು ಹೇಳುತ್ತಿದ್ದರು. ಅಂದಿನ ವಿದ್ಯಾರ್ಥಿಗಳಾದ ನಮಗೆ ಆ ಮಾತಿನ ಅರ್ಥ ಆಗಿರಲಿಲ್ಲ. ಹೊರಡುವುದಕ್ಕೆ ಹದಿನೈದು ದಿನ ಮೊದಲೇ ಅವರು ಎಲ್ಲಿ ಇಳಿಯಬೇಕು, ಪೂಜೆಗೆ ನೀರೆಲ್ಲಿ, ಜೊತೆಗೆ ಬರುವ ವೃದ್ಧರು ಎಷ್ಟು ದೂರ ನಡೆದಾರು ಎಂದು ಒಂದೊಂದನ್ನೇ ವಿಚಾರಿಸುತ್ತಿದ್ದರು. ಇಷ್ಟೊಂದು ಚಿಂತೆ ಏಕೆಂದು ನಾವು ಒಳಗೊಳಗೇ ನಗುತ್ತಿದ್ದೆವು. ಅರವತ್ತು ದಾಟಿದ ಮೇಲೆ, ಶನಿವಾರ ಹೋಗಿ ಭಾನುವಾರ ಬರುವ ಗದುಗಿನ ಪಯಣವೊಂದನ್ನು ಗೊತ್ತುಮಾಡಲು ಕುಳಿತಾಗ ಆ ಮಾತಿನ ಅರ್ಥ ನನಗೆ ತಿಳಿಯಿತು. ತಿಳಿಸಿಕೊಟ್ಟವರು ನನ್ನ ಮನೆಯವರು. ಆ ಸಂಗತಿಯನ್ನು ಬಂಧುಗಳ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ಈ ಬರಹ.

ನಾವಿರುವುದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ. ಶಾಲೆಯ ಸೇವೆಯಿಂದ ನಿವೃತ್ತನಾದ ಮೇಲೆ ಮಗನ ಮನೆಯಲ್ಲಿಯೇ ನಮ್ಮ ವಾಸ. ಅವನದು ಇಲ್ಲಿ ಲೇತ್ ಯಂತ್ರಗಳ ಒಂದು ಚಿಕ್ಕ ಶೆಡ್ಡು. ಬೆಳಗಿನ ಇಷ್ಟಲಿಂಗ ಪೂಜೆ ಮುಗಿಯುವ ಹೊತ್ತಿಗೆ ಸುತ್ತಲೂ ಕಬ್ಬಿಣ ಕೊರೆಯುವ, ಉಜ್ಜುವ ಸದ್ದು ಏಳುತ್ತದೆ. ಅದೂ ಒಂದು ಕಾಯಕದ ಧ್ವನಿಯೆಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಮಗ ಕೆಲಸ ಆರಂಭಿಸಿದ ಹೊಸತರಲ್ಲಿ ಆಳುಗಳನ್ನಿಡುವ ಶಕ್ತಿ ಇರಲಿಲ್ಲ. ಮಧ್ಯಾಹ್ನ ಅವನಿಗೆ ಬುತ್ತಿ ಒಯ್ದ ನಮ್ಮ ಮನೆಯವರು ಸಂಜೆಯವರೆಗೂ ಅಲ್ಲಿಯೇ ಕುಳಿತು, ತಯಾರಾದ ಬೋಲ್ಟುಗಳನ್ನು ಎಣಿಸಿ ಡಬ್ಬಿಗಳಿಗೆ ತುಂಬುತ್ತಿದ್ದರು. ಏಳೆಂಟು ವರ್ಷ ಹೀಗೆ ನಡೆಯಿತು.

ಈಚೆಗೆ ಊಟಕ್ಕೆ ಕುಳಿತಾಗ ಸೊಸೆ ‘ಸಾರು ಬೇಕೇ ಅತ್ತೆ?’ ಎಂದರೆ ಇವರು ‘ಯಾರು ಬೇಕು?’ ಎಂದು ಬಾಗಿಲ ಕಡೆಗೆ ನೋಡತೊಡಗಿದರು. ಮೊದಮೊದಲು ಎಲ್ಲರೂ ನಕ್ಕೆವು, ಅವರೂ ನಕ್ಕರು. ಕೆಲವು ದಿನಗಳಲ್ಲಿ ಅವರು ನಗುವುದನ್ನು ಬಿಟ್ಟು, ಕೇಳಿಸದಿದ್ದರೂ ಕೇಳಿಸಿದಂತೆ ತಲೆಯಾಡಿಸಲು ಆರಂಭಿಸಿದರು. ಅದನ್ನು ಮೊದಲು ಗಮನಿಸಿದವಳು ಸೊಸೆಯೇ. ಕಿವಿಯ ವೈದ್ಯರಲ್ಲಿಗೆ ಕರೆದೊಯ್ದವಳೂ ಅವಳೇ.

ವೈದ್ಯರು ಪರೀಕ್ಷಿಸಿ ನಮಗೆ ತಿಳಿಯುವಂತೆ ವಿವರಿಸಿದರು. ವಯಸ್ಸಿನಿಂದಲೂ ಯಂತ್ರದ ಸದ್ದಿನಿಂದಲೂ ಕಿವಿಯ ಒಳಗಿನ ಸೂಕ್ಷ್ಮವಾದ ಜೀವಕೋಶಗಳು ಸವೆಯುತ್ತವೆ. ಸವೆದವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರ ಸ್ವರಗಳು. ಆದಕಾರಣ ಸಕಾರ ಶಕಾರಗಳು ಮಸುಕಾಗುತ್ತವೆ, ಹೆಂಗಸರ ಮತ್ತು ಮಕ್ಕಳ ಸಣ್ಣ ಧ್ವನಿ ಸ್ಪಷ್ಟವಾಗುವುದಿಲ್ಲ. ಮೆಲ್ಲನೆಯ ಮಾತು ಕೇಳಿಸದು, ಕೂಗಿದರೆ ಕಿವಿಗೆ ಇರಿದಂತಾಗುತ್ತದೆ. ನಾಲ್ಕು ಜನ ಒಟ್ಟಿಗೆ ಮಾತನಾಡುವ ಕಡೆ ಏನೊಂದೂ ತಿಳಿಯುವುದಿಲ್ಲ. ಶ್ರವಣಯಂತ್ರವನ್ನು ಬೇಗ ಹಾಕಿಸಿಕೊಳ್ಳುವುದು ಒಳ್ಳೆಯದು, ತಡಮಾಡಿದಷ್ಟೂ ಮಾತನ್ನು ಬಿಡಿಸಿ ತಿಳಿಯುವ ಅಭ್ಯಾಸ ಮೆದುಳಿಗೇ ತಪ್ಪುತ್ತದೆ ಎಂದರು. ಯಂತ್ರವು ಮುಖ್ಯವಾಗಿ ಮಾತಿಗೆ ಹೊಂದಿಸಿದ್ದು, ಸಂಗೀತ ಮೊದಮೊದಲು ಬೇರೆಯಾಗಿ ಕೇಳಿಸಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಹೇಳಿದರು: ‘ಮಷಿನ್ ಒಲ್ಲೆ ಅನ್ನಂಗಿಲ್ಲ ನಾನು. ಅದಕ್ಕ ಮೊದಲ ಒಂದು ಸಲ ಗದಗಕ್ಕ ಹೋಗಿ, ಎದುರಿಗೆ ಕುಂತು ಹಾಡು ಕೇಳ್ತೀನ್ರಿ. ಇದ್ದ ಕಿವೀಲೇ ಕೇಳ್ತೀನಿ.’

ಇದು ಅವರ ಹೊಸ ಬಯಕೆಯಲ್ಲ. ಅವರ ತವರು ಹಾವೇರಿಯ ಕಡೆಯ ಹಳ್ಳಿ. ಅವರು ಹುಡುಗಿಯಾಗಿದ್ದಾಗ ಪೂಜ್ಯ ಪುಟ್ಟರಾಜ ಗವಾಯಿಗಳು ಆ ಊರಿಗೆ ಬಂದಿದ್ದರಂತೆ. ತುಲಾಭಾರದ ತಕ್ಕಡಿಯನ್ನೂ, ತಡರಾತ್ರಿಯವರೆಗೆ ನಡೆದ ಗಾಯನವನ್ನೂ ಅವರು ಈಗಲೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಮುಂದೆ 1995ರಲ್ಲಿ ನಮ್ಮ ದಾವಣಗೆರೆಯ ಚಿಂದೋಡಿ ಮನೆತನದವರು ಗಾನಯೋಗಿ ಪಂಚಾಕ್ಷರ ಗವಾಯಿಗಳ ಜೀವನವನ್ನು ಚಲನಚಿತ್ರವಾಗಿಸಿದರು. ಅದರ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ಮನೆಮಂದಿಯೆಲ್ಲ ಹೋಗಿ ನೋಡಿ ಬಂದೆವು. ಆ ರಾತ್ರಿ ಇವರು ‘ಅಜ್ಜಾರು ಇರೂಮಟ ಒಮ್ಮೆ ಗದಗಕ್ಕ ಹೋಗೂಣ್ರಿ’ ಎಂದಿದ್ದರು. ‘ನೋಡೋಣ’ ಎಂದಿದ್ದೆ. ಪರೀಕ್ಷೆಗಳು ಬಂದವು, ಮದುವೆ ಮುಂಜಿಗಳು ಬಂದವು, ಮನೆ ಕಟ್ಟುವ ಸಾಲ ಬಂದಿತು. 2010ರ ಸೆಪ್ಟೆಂಬರ್ 17ರಂದು ಪೂಜ್ಯರು ಲಿಂಗೈಕ್ಯರಾದ ಸುದ್ದಿಯನ್ನು ಕೇಳಿ ಇವರು ಅಡುಗೆಮನೆಯಲ್ಲಿ ಒಬ್ಬರೇ ಕುಳಿತು ಕಣ್ಣೊರೆಸಿಕೊಂಡರು. ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಈ ಬಾರಿ ನಾನು ಕೂಡಲೇ ಒಪ್ಪಿ, ಕಾಗದ ಪೆನ್ನು ಹಿಡಿದು ಕುಳಿತೆ. ಮನೆಯಲ್ಲಿ ಒಂದು ಸಭೆಯೇ ಸೇರಿತು. ಹಾಡು ಕೇಳುವುದಾದರೆ ಧಾರವಾಡಕ್ಕೇ ಹೋಗಬಹುದಲ್ಲ ಎಂದು ನಾನೇ ಮೊದಲು ಸೂಚಿಸಿದೆ. ಪಂಡಿತ ಮಲ್ಲಿಕಾರ್ಜುನ ಮನಸೂರ ಅವರು (1910–1992) ಬಾಳಿದ ‘ಮೃತ್ಯುಂಜಯ’ ಎಂಬ ಮನೆ ಅಲ್ಲಿ ಸ್ಮಾರಕವಾಗಿ ಉಳಿದಿದೆ. ಹಳ್ಳಿಯ ಹಾಡುಗಳ ಪ್ರೇಮಿಯಾದ ಅವ್ವನಿಗೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಹಿಡಿಸೀತು ಎಂದು ಮಗ ಹೇಳಿದ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ, ನಮ್ಮ ಹೆದ್ದಾರಿಯ ಮೇಲೆಯೇ. ಮೊಮ್ಮಗನಿಗೆ ಮಾತ್ರ ಗದುಗಿನ ಗಿರಮಿಟ್ಟು, ಮೆಣಸಿನಕಾಯಿ ಬಜ್ಜಿಯೇ ಮುಖ್ಯ. ‘ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಹುಟ್ಟಿ ಮಂಡಕ್ಕಿ ತಿನ್ನಲು ಗದುಗಿಗೆ ಹೋಗುತ್ತೀಯಾ?’ ಎಂದು ಅವನ ತಾಯಿ ಗದರಿದಳು. ನಮ್ಮ ಮನೆಯವರು ಎಲ್ಲರ ತುಟಿಗಳನ್ನೂ ನೋಡುತ್ತ ಕುಳಿತಿದ್ದು ಕೊನೆಗೆ ‘ಗದಗ’ ಎಂದಷ್ಟೇ ಹೇಳಿದರು.

ಗದುಗು ಹಾಡಿನ ಊರಾದುದು ಸಾಮಾನ್ಯ ರೀತಿಯಿಂದಲ್ಲ. 1892ರಲ್ಲಿ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಆ ಬಾಲಕನ ಕಂಠವನ್ನು ಗುರುತಿಸಿ ವಿದ್ಯೆ ಕೊಡಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರವನ್ನು ಕಟ್ಟಿದವರೂ ಅವರೇ. ಪಂಚಾಕ್ಷರ ಗವಾಯಿಗಳು ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಸಾಧಿಸಿ ಉಭಯಗಾನ ವಿಶಾರದರೆನಿಸಿದರು. ರಾಜಾಶ್ರಯವನ್ನು ಹುಡುಕಿಕೊಂಡು ಹೋಗದೆ, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗುವ ಪಾಠಶಾಲೆ ನಡೆಸಿದರು. ಆ ಪಾಠಶಾಲೆ ನೆಲೆನಿಂತ ಸ್ಥಳವೇ ಗದುಗಿನ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಭಾರ ಹೊತ್ತವರು, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು. ಸುಮಾರು ಅರವತ್ತಾರು ವರ್ಷ ಆ ಭಾರವನ್ನು ಅವರು ಇಳಿಸಲಿಲ್ಲ. ಭಕ್ತರು ಮಾಡಿದ ತುಲಾಭಾರಗಳ ಕಾಣಿಕೆ ಮಕ್ಕಳ ಅನ್ನಕ್ಕೂ ವಿದ್ಯೆಗೂ ಸಂದಿತು. ಕಣ್ಣಿಲ್ಲದವರು ಕಣ್ಣಿಲ್ಲದವರಿಗೆ ದಾರಿ ತೋರಿದ ಊರು ಅದು. ಅಲ್ಲಿ ಕಿವಿಯೇ ಕಣ್ಣು. ಕಿವಿ ಸೋಲುತ್ತಿರುವ ಹೊತ್ತಿನಲ್ಲಿ ನಮ್ಮ ಮನೆಯವರಿಗೆ ಆ ಊರೇ ನೆನಪಾದುದರಲ್ಲಿ ಆಶ್ಚರ್ಯವಿಲ್ಲ.

ಊರು ನಿಶ್ಚಯವಾದೊಡನೆ ನನ್ನೊಳಗಿನ ಪಂಡಿತ ಎಚ್ಚತ್ತ. ಅಷ್ಟು ದೂರ ಹೋದ ಮೇಲೆ ನೋಡಬೇಕಾದುದನ್ನು ನೋಡದೆ ಬರುವುದುಂಟೇ? ಶನಿವಾರ ನೇರವಾಗಿ ಲಕ್ಕುಂಡಿ: 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶೀ ವಿಶ್ವೇಶ್ವರ ದೇವಾಲಯ, ಮೆಟ್ಟಿಲ ಬಾವಿ, ಶಾಸನಗಳು. ಅಲ್ಲಿಂದ ಮರಳಿ ಕುಮಾರವ್ಯಾಸ ಕುಳಿತು ಬರೆದನೆಂದು ಹೇಳುವ ವೀರನಾರಾಯಣ ಗುಡಿ. ಭಾನುವಾರ ತ್ರಿಕೂಟೇಶ್ವರ, ಅಲ್ಲಿಯ ಸರಸ್ವತಿ ಗುಡಿಯ ಕಂಬಗಳು, ತೋಂಟದಾರ್ಯ ಮಠ, ಬೆಟಗೇರಿಯಲ್ಲಿ ಕೈಮಗ್ಗದ ಸೀರೆ, ಪುಣ್ಯಾಶ್ರಮ, ಸಮಯವಿದ್ದರೆ ಲಕ್ಷ್ಮೇಶ್ವರದ ಸೋಮೇಶ್ವರ. ಒಟ್ಟು ಹನ್ನೊಂದು ಸ್ಥಳಗಳು. ಪ್ರತಿಯೊಂದರ ಮುಂದೆ ಗಂಟೆ ನಿಮಿಷಗಳನ್ನೂ ಬರೆದೆ. ಇಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ನಾನು ಶಾಲೆಯ ವೇಳಾಪಟ್ಟಿಗೂ ಮಾಡಿರಲಿಲ್ಲ. ಹೆಮ್ಮೆಯಿಂದ ಅವರ ಕೈಗಿತ್ತೆ.

ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದರು. ಓದಿ ಮುಗಿಸಿ ಕೇಳಿದರು: ‘ಇದರಾಗ ಹಾಡು ಎಲ್ಲೈತ್ರೀ?’

ನಾನು ಕಾಗದವನ್ನು ಮರಳಿ ತೆಗೆದುಕೊಂಡು ನೋಡಿದೆ. ಪುಣ್ಯಾಶ್ರಮದ ಮುಂದೆ ಇಪ್ಪತ್ತು ನಿಮಿಷ ಎಂದು ಬರೆದಿತ್ತು. ಹಾಡು ಎಲ್ಲಿಯೂ ಇರಲಿಲ್ಲ. ಅದು ನನಗಾಗಿ ಮಾಡಿದ ಪಟ್ಟಿ.

ಆ ಪ್ರಶ್ನೆ ನನ್ನನ್ನು ಬಹಳ ಹಿಂದಕ್ಕೆ ಒಯ್ದಿತು. ನಮ್ಮ ಮದುವೆಯಾದ ಹೊಸತು. ಹಳ್ಳಿಯ ಶಾಲೆಯಲ್ಲಿ ಕೆಲಸ, ಮನೆಯಲ್ಲಿ ಬೀಸುವ ಕಲ್ಲು ಇದ್ದ ಕಾಲ. ಇವರು ನಸುಕಿನಲ್ಲಿ ಬೀಸುವಾಗ ತಾಯಿಯಿಂದ, ಅಜ್ಜಿಯಿಂದ ಕಲಿತ ಪದಗಳನ್ನು ಒಂದರ ಹಿಂದೊಂದು ಹಾಡುತ್ತಿದ್ದರು. ಒಂದು ದಿನ ನನ್ನ ಗುರುಸಮಾನರಾದ ಪಂಡಿತರೊಬ್ಬರು ಮನೆಗೆ ಬಂದು ಹೊರಗಿನ ಕೋಣೆಯಲ್ಲಿ ಕುಳಿತಿದ್ದರು. ಅವರೇನೂ ಅನ್ನಲಿಲ್ಲ. ನಾನೇ ಒಳಗೆ ಹೋಗಿ, ‘ದೊಡ್ಡವರು ಕುಳಿತಿದ್ದಾರೆ, ಈ ಹಳ್ಳಿಯ ಪದಗಳು ಸಾಕು. ಹಾಡಲೇಬೇಕೆಂದರೆ ಅರ್ಥವಿರುವ ಒಂದು ವಚನವನ್ನು ಹಾಡು’ ಎಂದೆ. ಹಾಡು ನಿಂತಿತು. ಕಲ್ಲಿನ ಸದ್ದು ಮಾತ್ರ ಮುಂದುವರಿಯಿತು. ಅಂದಿನಿಂದ ನಾನು ಮನೆಯಲ್ಲಿರುವಾಗ ಇವರು ದನಿಯೆತ್ತಿ ಹಾಡಿದ್ದನ್ನು ನಾನು ಕೇಳಿಲ್ಲ.

ಅದೇ ವರ್ಷ ನಾನು ತರಗತಿಯಲ್ಲಿ ಜನಪದ ತ್ರಿಪದಿಗಳ ಪಾಠ ಮಾಡುತ್ತಿದ್ದೆ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ನನ್ನ ಮೇಜಿನ ಮೇಲೆ ಇರುತ್ತಿತ್ತು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಈ ಹಾಡುಗಳು ನಮ್ಮ ಸಾಹಿತ್ಯದ ಬೇರು ಎಂದು ಮಕ್ಕಳಿಗೆ ಆವೇಶದಿಂದ ಹೇಳುತ್ತಿದ್ದೆ. ಪುಸ್ತಕದಲ್ಲಿದ್ದ ಗರತಿಗೆ ಗೌರವ ಸಲ್ಲಿಸುತ್ತ ಮನೆಯಲ್ಲಿದ್ದ ಗರತಿಯ ಬಾಯಿ ಮುಚ್ಚಿಸಿದ್ದೆ. ವಚನವೇ ಆದರೂ ಸಂಸ್ಕೃತವನ್ನು ಬದಿಗಿರಿಸಿ ಜನರಾಡುವ ಮಾತಿನಲ್ಲಿ ಶರಣರು ನುಡಿದುದಲ್ಲವೇ? ಮಠದಲ್ಲಿ ಕಲಿತ ವಿದ್ಯೆ ನಾಲಿಗೆಗೆ ಹತ್ತಿತ್ತು, ನಡೆಗೆ ಇಳಿದಿರಲಿಲ್ಲ.

ಗದುಗಿನ ಗುರುಗಳು ಹಾಗೆ ಮಾಡಲಿಲ್ಲ. ಇಂದು ನಾಡೆಲ್ಲ ತಲೆದೂಗುವ ಪಂಡಿತ ಎಂ. ವೆಂಕಟೇಶಕುಮಾರ ಅವರು ಬಳ್ಳಾರಿ ಸೀಮೆಯ ಜನಪದ ಗಾಯಕರೊಬ್ಬರ ಮಗ. ಪುಣ್ಯಾಶ್ರಮದಲ್ಲಿ ಹನ್ನೆರಡು ವರ್ಷ ಪುಟ್ಟರಾಜ ಗವಾಯಿಗಳ ಬಳಿ ಕಲಿತರು. 2016ರಲ್ಲಿ ಪದ್ಮಶ್ರೀ ಪಡೆದರು. ಹಳ್ಳಿಯ ಕಂಠಕ್ಕೆ ಆ ಮನೆಯ ಬಾಗಿಲು ತೆರೆದಿತ್ತು. ನನ್ನ ಮನೆಯ ಬಾಗಿಲು ಮುಚ್ಚಿತ್ತು.

ಮರುದಿನ ಹೊಸ ಕಾಗದ ತೆಗೆದುಕೊಂಡೆ. ಈ ಸಲ ಸ್ಥಳಗಳಿಂದ ಆರಂಭಿಸದೆ ಅವರ ಕಿವಿಯಿಂದ ಆರಂಭಿಸಿದೆ. ಎಡಗಿವಿ ಬಲಗಿವಿಗಿಂತ ವಾಸಿ. ಆದ್ದರಿಂದ ಹಾಡುವವರು ಎದುರಿಗೆ, ತುಸು ಎಡಕ್ಕೆ ಇರಬೇಕು. ಜಾತ್ರೆ ಉತ್ಸವಗಳ ದಿನ ಬೇಡ, ಏಕೆಂದರೆ ಜನಸಂದಣಿಯಲ್ಲಿ ಅವರಿಗೆ ಗದ್ದಲ ಮಾತ್ರ ದಕ್ಕೀತು. ಧ್ವನಿವರ್ಧಕ ಬೇಡವೇ ಬೇಡ, ಅದು ಸದ್ದನ್ನು ದೊಡ್ಡದು ಮಾಡುತ್ತದೆಯೇ ಹೊರತು ಸ್ಪಷ್ಟ ಮಾಡುವುದಿಲ್ಲ. ದೊಡ್ಡ ಸಭಾಂಗಣಕ್ಕಿಂತ ಚಿಕ್ಕ ಕೋಣೆ ಲೇಸು. ಸಣ್ಣ ಕಂಠಕ್ಕಿಂತ ಗಂಭೀರವಾದ ಗಂಡುಕಂಠ ಅವರಿಗೆ ಚೆನ್ನಾಗಿ ನಿಲುಕುತ್ತದೆ. ಇಷ್ಟನ್ನೂ ಬರೆದುಕೊಂಡು ಗದುಗಿನಲ್ಲಿ ಸಂಗೀತ ಪಾಠ ಹೇಳುವ ಪರಿಚಿತರೊಬ್ಬರಿಗೆ ದೂರವಾಣಿ ಮಾಡಿದೆ. ಸಂಕೋಚದಿಂದಲೇ ಎಲ್ಲವನ್ನೂ ತಿಳಿಸಿದೆ. ಅವರು ಒಂದು ಕ್ಷಣ ಮೌನವಾಗಿದ್ದು, ‘ಶಾಸ್ತ್ರಿಗಳೇ, ಕೇಳುವವರ ಕಿವಿಯ ಬಗ್ಗೆ ಇಷ್ಟು ವಿಚಾರಿಸಿದವರು ಇದುವರೆಗೆ ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿಯೇ ಏರ್ಪಾಡು ಮಾಡುತ್ತೇನೆ. ನನ್ನ ಶಿಷ್ಯನೊಬ್ಬನಿದ್ದಾನೆ, ಅಮ್ಮನವರ ಎದುರಿಗೆ ಕುಳಿತು ಹಾಡುತ್ತಾನೆ. ಒಂದು ತಂಬೂರಿ, ಒಂದು ಹಾರ್ಮೋನಿಯಂ, ಅಷ್ಟೇ’ ಎಂದರು.

ಇನ್ನು ಪ್ರಯಾಣದ ಮಾತು. ರೈಲಿನಲ್ಲಿ ಹೋದರೆ ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಬೇಕಾಗಬಹುದು. ಅಲ್ಲಿಯ ಪ್ಲಾಟ್‌ಫಾರಂ 2023ರಲ್ಲಿ 1507 ಮೀಟರ್ ಉದ್ದವಾಗಿ ಜಗತ್ತಿನಲ್ಲಿಯೇ ದೊಡ್ಡದೆನಿಸಿತು. ಹೆಮ್ಮೆಯ ವಿಷಯವೇ ಸರಿ. ಆದರೆ ಮಂಡಿನೋವಿನವರಿಗೆ, ಅದರಲ್ಲಿಯೂ ಪ್ರಕಟಣೆ ಕೇಳಿಸದವರಿಗೆ, ಆ ಉದ್ದ ಹೆಮ್ಮೆ ತರುವುದಿಲ್ಲ. ಮಗನ ಶೆಡ್ಡಿಗೆ ವಾರದ ರಜೆ ಭಾನುವಾರ ಮಾತ್ರ. ಆದ್ದರಿಂದ ಶನಿವಾರ ಬೆಳಿಗ್ಗೆ ನಾವಿಬ್ಬರೂ ಹರಿಹರ, ರಾಣೆಬೆನ್ನೂರುಗಳ ಮೇಲೆ ಹಾವೇರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಅವರ ತಮ್ಮನ ಮನೆಯಲ್ಲಿ ಉಂಡು ವಿಶ್ರಮಿಸಿ, ಸವಣೂರು, ಲಕ್ಷ್ಮೇಶ್ವರ ಮಾರ್ಗವಾಗಿ ಗದುಗಿಗೆ ಹೋಗುವುದೆಂದೂ, ಭಾನುವಾರ ಮಗ ಕಾರು ತಂದು ಕರೆದೊಯ್ಯುವುದೆಂದೂ ನಿಶ್ಚಯವಾಯಿತು. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಷ್ಟೆ. ‘ನಂದು ಪುಗಸಟ್ಟೆ, ನಿಮ್ಮದು ನೀವ ನೋಡ್ಕೋರಿ’ ಎಂದು ಅವರು ನಕ್ಕರು. ಬಹಳ ದಿನಗಳ ಮೇಲೆ ಕಂಡ ನಗು.

ಹೊಸ ಪಟ್ಟಿಯಲ್ಲಿ ಈಗ ಮೂರೇ ಸಾಲುಗಳಿವೆ. ಶನಿವಾರ ಹಗಲು ಪ್ರಯಾಣ, ನಡುವೆ ತಮ್ಮನ ಮನೆ. ಶನಿವಾರ ಸಂಜೆ ಹಾಡು. ಅದರ ಮುಂದೆ ಗಂಟೆ ನಿಮಿಷಗಳಿಲ್ಲ. ಭಾನುವಾರ ಬೆಳಿಗ್ಗೆ ಪುಣ್ಯಾಶ್ರಮ, ಇಬ್ಬರು ಪೂಜ್ಯರ ಗದ್ದುಗೆಯ ದರ್ಶನ, ಮರಳುವುದು. ತ್ರಿಕೂಟೇಶ್ವರವನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ಅವರಿಗೆ ಆಯಾಸವಾದರೆ ಅಳಿಸಲು ಅನುಕೂಲವಾಗಲೆಂದು. ಲಕ್ಕುಂಡಿಯ ಶಾಸನಗಳು ಸಾವಿರ ವರ್ಷ ಕಾದಿವೆ, ಇನ್ನೂ ಕಾಯುತ್ತವೆ. ಕಿವಿ ಕಾಯುವುದಿಲ್ಲ. ಶ್ರವಣಯಂತ್ರಕ್ಕೆ ಅದರ ಮುಂದಿನ ಬುಧವಾರವೇ ವೈದ್ಯರು ದಿನ ಕೊಟ್ಟಿದ್ದಾರೆ.

ನಿನ್ನೆ ರಾತ್ರಿ ಅವರ ಎಡಗಡೆ ಕುಳಿತು ಕೇಳಿದೆ: ‘ಅಲ್ಲಿ ಆ ಹುಡುಗ ಏನು ಹಾಡಬೇಕು? ನಿನ್ನ ಇಷ್ಟ ಹೇಳು, ತಿಳಿಸುತ್ತೇನೆ.’ ಅವರು ಸ್ವಲ್ಪ ಹೊತ್ತು ಯೋಚಿಸಿ ನನ್ನನ್ನೇ ಮರಳಿ ಕೇಳಿದರು: ‘ಅವತ್ತು ಬೀಸೂ ಮುಂದ ನೀವು ನಿಲ್ಲಿಸಿದ್ರಲ್ಲ, ಆ ಹಾಡು ಯಾವುದು, ನೆನಪೈತೇನ್ರಿ?’

ನನಗೆ ನೆನಪಿರಲಿಲ್ಲ. ನಿಲ್ಲಿಸಲು ಹೇಳಿದ ಮಾತು ಅಕ್ಷರಶಃ ನೆನಪಿದೆ, ನಿಂತ ಹಾಡು ನೆನಪಿಲ್ಲ. ಅಂದು ನಾನು ಅದನ್ನು ಕೇಳಿಯೇ ಇರಲಿಲ್ಲ. ತಪ್ಪಾಯಿತು ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ, ಎದುರಿಗೆ ಬಂದು ಹೇಳಿದೆ. ‘ಎರಡೂ ಸಲ ಕೇಳಿಸ್ತು’ ಎಂದರು. ‘ನನಗ ನೆನಪೈತಿ. ಬಸ್ಸಿನ್ಯಾಗ ಹೇಳ್ತೀನಿ. ಅಷ್ಟು ಸದ್ದಿನ್ಯಾಗ ಮಂದೀಗೆ ಕೇಳಸೂದಿಲ್ಲ.’

ಹಾವೇರಿಯ ದಾರಿಯಲ್ಲಿ ನಾನು ಅವರ ಪಕ್ಕದಲ್ಲಿ ಕುಳಿತಿರುತ್ತೇನೆ. ಶಿವನ ದಯೆಯಿಂದ ನನ್ನ ಎರಡು ಕಿವಿಗಳೂ ಇನ್ನೂ ನೆಟ್ಟಗಿವೆ. ಮಡಿಸಿದ ಪಟ್ಟಿಯ ಜೊತೆಗೆ ಜೇಬಿನಲ್ಲಿ ಒಂದು ಖಾಲಿ ನೋಟುಬುಕ್ಕನ್ನೂ ಪೆನ್ನನ್ನೂ ಇಟ್ಟುಕೊಂಡಿದ್ದೇನೆ.

ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಿರಿಯರು ಕೇಳಿಸದೆಯೇ ತಲೆಯಾಡಿಸುತ್ತಿದ್ದಾರೆಯೇ ಎಂದು ಒಮ್ಮೆ ಗಮನಿಸಿ; ಗಮನಿಸಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರೊಡನೆ ಯಾತ್ರೆ ಗೊತ್ತುಮಾಡುವಾಗ ಮೊದಲ ಸಾಲನ್ನು ಅವರಿಂದಲೇ ಬರೆಸಿರಿ. ಮನೆಯಲ್ಲಿ ನಿಂತುಹೋದ ಹಾಡೊಂದು ಇದ್ದರೆ, ಅದು ಯಾವುದೆಂದು ಇಂದೇ ಕೇಳಿ ತಿಳಿಯಿರಿ.